ಪಾಯಿಂಟ್ ಎಂಟರ ಸಂದು

ಗೇರ್‌ಬಾಕ್ಸನ್ನು ಗಾಡಿಯಿಂದ ಇಳಿಸಿದ್ದು ಸೆಪ್ಟೆಂಬರ್ ಏಳರ ಭಾನುವಾರ. ಬಿಚ್ಚಿ ತೊಳೆದು ಭಾಗಗಳನ್ನು ಕ್ರಮವಾಗಿ ಹರಡಿದ್ದು ಹದಿನಾಲ್ಕರಂದು. ಹೊಸ ಪ್ಲೇಟುಗಳು ಶಿವಾಜಿನಗರದಿಂದ ಬಂದದ್ದು ಇಪ್ಪತ್ತಕ್ಕೆ, ಅವನ್ನು ಕೂರಿಸಿ ಸಂದು ಅಳೆದದ್ದು ಇಪ್ಪತ್ತೇಳರ ಶನಿವಾರ, ಆ ಸಂದನ್ನು ಬದಲಾಯಿಸಿದ್ದು ಮರುದಿನ ಮಧ್ಯಾಹ್ನ. ಅಕ್ಟೋಬರ್ ಒಂದು ಆಯುಧಪೂಜೆ. ಐದಕ್ಕೆ ಜೋಡಣೆ ಮುಗಿಯಿತು, ಹನ್ನೆರಡಕ್ಕೆ ಗೇರ್‌ಬಾಕ್ಸ್ ಗಾಡಿಗೆ ಏರಿತು. ಹದಿನೈದರ ಬುಧವಾರ ಬೆಳಗ್ಗೆ ಹನ್ನೊಂದೂವರೆಗೆ ಹಲಸೂರಿನಲ್ಲಿ ಗಾಡಿ ನಿಂತಿತು.

ಈ ತಾರೀಕುಗಳನ್ನು ಸಂಜೀವಪ್ಪ ಆಮೇಲೆ ಎಷ್ಟೋ ಸಲ ಮನಸ್ಸಿನಲ್ಲಿ ಮುಂದಕ್ಕೂ ಹಿಂದಕ್ಕೂ ಓಡಿಸಿ ನೋಡಿದ. ಇಪ್ಪತ್ತೆಂಟರ ಭಾನುವಾರ ಎಲ್ಲರ ಜೊತೆ ತಾನೂ ಹೊಸಕೋಟೆಯ ನೆಂಟರ ಮನೆಯ ಸೀಮಂತಕ್ಕೆ ಹೋಗಿದ್ದರೆ ಸಾಕಿತ್ತು.

ಗಾಡಿ ಅವನದಲ್ಲ. ಅವನ ಹೆಂಡತಿ ಮುನಿಲಕ್ಷ್ಮಮ್ಮನದು. ನಾಲ್ಕನೆಯ ವಯಸ್ಸಿಗೆ ಪೋಲಿಯೊ ಬಡಿದು ಅವಳ ಎಡಗಾಲು ಸೊರಗಿತ್ತು. ನಡೆಯುವಾಗ ಎಡಗೈಯಿಂದ ಮಂಡಿಯನ್ನು ಒತ್ತಿ ಹಿಡಿದು ಹೆಜ್ಜೆ ಇಡಬೇಕಿತ್ತು. ಹಲಸೂರು ಪೇಟೆಯ ಸೀರೆ ಅಂಗಡಿಗಳಿಂದ ಸೀರೆಗಳನ್ನು ತಂದು, ನಾಗವಾರಪಾಳ್ಯದ ತಮ್ಮ ಬೀದಿಯ ಎಂಟು ಹೆಂಗಸರಿಗೆ ಹಂಚಿ, ಸೆರಗಿಗೆ ಕುಚ್ಚು ಕಟ್ಟಿಸಿ ಹಿಂದಿರುಗಿಸುವುದು ಅವಳ ಕೆಲಸ. ಐವತ್ತೊಂದನೆಯ ವಯಸ್ಸಿನಲ್ಲಿ, ಕ್ಲಚ್ ತುಳಿಯುವ ಗೊಡವೆಯಿಲ್ಲದ ಆಟೋಮ್ಯಾಟಿಕ್ ಗಾಡಿಯೊಂದನ್ನು ಅವಳು ಆ ದುಡಿಮೆಯಿಂದಲೇ ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡು, ಎರಡು ತಿಂಗಳಲ್ಲಿ ಓಡಿಸುವುದನ್ನೂ ಕಲಿತಳು. ಏಳು ವರ್ಷದಿಂದ ಬುಧವಾರ ಮತ್ತು ಶನಿವಾರ ಬೆಳಗ್ಗೆ ಹತ್ತಕ್ಕೆ ಅವಳು ಮನೆ ಬಿಡುತ್ತಿದ್ದಳು. ಎಲ್ಲಿಗೆ, ಎಷ್ಟು ಹೊತ್ತಿಗೆ ಬರುತ್ತೀ ಎಂದು ಯಾರೂ ಕೇಳುತ್ತಿರಲಿಲ್ಲ. ಹಾಗೆ ಯಾರೂ ಕೇಳದಿರುವುದು ಅವಳಿಗೆ ಬಹಳ ಇಷ್ಟವೆಂಬುದು ಮನೆಯವರಿಗೆಲ್ಲ ಗೊತ್ತಿತ್ತು.

ಆಗಸ್ಟ್ ಕೊನೆಯಲ್ಲಿ ಗಾಡಿ ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಜಾರತೊಡಗಿತು. ಎಂಜಿನ್ ಅರಚುತ್ತಿತ್ತು, ಗಾಡಿ ಮುಂದಕ್ಕೆ ಹೋಗುತ್ತಿರಲಿಲ್ಲ. ಇಂದಿರಾನಗರದ ಒಂದು ವರ್ಕ್‌ಶಾಪಿನವರು ಪೂರ್ತಿ ಗೇರ್‌ಬಾಕ್ಸೇ ಬದಲಾಗಬೇಕೆಂದರು. ಅವರು ಹೇಳಿದ ಮೊತ್ತ ಗಾಡಿಯನ್ನು ಮಾರಿದರೂ ಬರುವಂಥದಾಗಿರಲಿಲ್ಲ.

ಮಗ ಮುತ್ತುರಾಜ್ ಲಿಫ್ಟ್ ರಿಪೇರಿ ಕಂಪನಿಯಲ್ಲಿದ್ದವನು. ಶಿವಾಜಿನಗರದಲ್ಲಿ ಹಳೇ ಆಟೋಮ್ಯಾಟಿಕ್ ಗೇರ್‌ಬಾಕ್ಸುಗಳನ್ನೇ ಬಿಚ್ಚಿ ಕಟ್ಟುವ ಅಂಗಡಿಗಳಿವೆ, ಅಲ್ಲಿಗೆ ಕೊಡೋಣ ಎಂದ. ಸಂಜೀವಪ್ಪ ಒಪ್ಪಲಿಲ್ಲ. ಅವನು ಯಂತ್ರ ತಯಾರಿಸುವ ಕಾರ್ಖಾನೆಯ ಅಸೆಂಬ್ಲಿ ವಿಭಾಗದಲ್ಲಿ ಮೂವತ್ತೆಂಟು ವರ್ಷ ಫಿಟ್ಟರ್ ಆಗಿದ್ದು ನಿವೃತ್ತನಾದವನು.

"ಕೂದಲಲ್ಲಿ ಹತ್ತನೇ ಒಂದ್ ಭಾಗ ಲೆಕ್ಕದಲ್ಲಿ ಮೆಷೀನ್ ಕೂರ್ಸಿದೋನು ನಾನು. ಇದೊಂದು ಡಬ್ಬ. ಇದನ್ನ ಯಾವನೋ ಬಿಚ್ಚೋದು, ನಾನು ಮನೇಲಿ ಕೂತು ಸೊಪ್ಪು ಬಿಡ್ಸೋದಾ?"

"ಅಪ್ಪಾ, ನೀವ್ ಜೋಡಿಸ್ತಿದ್ದಿದ್ದು ಬೇರೆ. ಇದು ಎಣ್ಣೆ ಒತ್ತಡದಲ್ಲಿ ನಡ್ಯೋದು."

"ಕಬ್ಬಿಣ ಎಲ್ಲಾ ಕಡೆ ಕಬ್ಬಿಣಾನೇ ಕಣೋ."

ಮುನಿಲಕ್ಷ್ಮಮ್ಮ ಕೇಳಿದ್ದು ಒಂದೇ. ನವರಾತ್ರಿ ಕಳೆದರೆ ದೀಪಾವಳಿಯ ಸೀರೆಗಳು ಬರುತ್ತವೆ, ವರ್ಷದ ಅರ್ಧ ಕೆಲಸ ಆ ಮೂರು ವಾರದಲ್ಲೇ. ಅಷ್ಟರೊಳಗೆ ಗಾಡಿ ಆಗುತ್ತದೆಯೇ? ಆಗುತ್ತದೆ ಎಂದು ಸಂಜೀವಪ್ಪ ಮಾತು ಕೊಟ್ಟ. ಹಾಗಿದ್ದರೆ ನಾಳೆಯಿಂದ ಪಿತೃಪಕ್ಷ, ಹೊಸ ಕೆಲಸ ಹಿಡಿಯುವ ಹಾಗಿಲ್ಲ, ಬಿಚ್ಚುವುದಾದರೆ ಇವತ್ತೇ ಬಿಚ್ಚಿ ಎಂದು ಅವಳೇ ಅವಸರ ಮಾಡಿದಳು. ಏಳನೇ ತಾರೀಕು ಅಪ್ಪ ಮಗ ಇಬ್ಬರೂ ಗಾಡಿಯ ಕೆಳಗೆ ತೂರಿಕೊಂಡು, ಸಂಜೆ ನಾಲ್ಕರ ಹೊತ್ತಿಗೆ ಗೇರ್‌ಬಾಕ್ಸನ್ನು ಹಳೇ ಟೈರಿನ ಮೇಲೆ ಇಳಿಸಿದರು. ಮೈತುಂಬ ಎಣ್ಣೆ ಬಳಿದುಕೊಂಡು ಬಂದ ಇಬ್ಬರಿಗೂ ಅವಳು ಹಿತ್ತಲಲ್ಲೇ ಮುದ್ದೆ, ಬಸ್ಸಾರು ಬಡಿಸಿದಳು. ಒಳಗೆ ಬಂದರೆ ನೆಲ ಒರೆಸುವವರು ಯಾರು ಎಂಬುದು ಅವಳ ಪ್ರಶ್ನೆ.

ಮಗಳು ನಂದಿತಾ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಕೆ.ಆರ್. ಪುರದ ಬಣ್ಣದ ಕಾರ್ಖಾನೆಯ ಪರೀಕ್ಷಾಲಯದಲ್ಲಿ ಕೆಲಸಕ್ಕಿದ್ದಳು. ಭಾಗಗಳಿಗೆ ಸಂಖ್ಯೆಯ ಚೀಟಿ ಅಂಟಿಸಿ, ಫೋಟೊ ತೆಗೆದು, ಯಾವುದರ ಮೇಲೆ ಯಾವುದಿತ್ತೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ ಹೊಣೆಯನ್ನು ತಾನೇ ಹೊತ್ತಳು. ಶೆಡ್ಡಿನ ಹಳೇ ಮಂಚದ ಮೇಲೆ ಬಿಳಿಯ ಪಂಚೆ ಹಾಸಿ ನೂರ ನಲವತ್ತು ಚಿಲ್ಲರೆ ಭಾಗಗಳನ್ನು ಹರಡಿದ್ದಾಯಿತು.

ತಪ್ಪುಗಳು ಮೊದಲಿನಿಂದಲೇ ಆದವು, ಆದರೆ ಅವೆಲ್ಲ ಕೈಗೆ ಸಿಕ್ಕ ತಪ್ಪುಗಳು. ಸಂಜೀವಪ್ಪ ಹಳೇ ಬನಿಯನ್ ಬಟ್ಟೆಯಲ್ಲಿ ಭಾಗ ಒರೆಸಿದ. ಅದರ ನೂಲೆಳೆ ಸಣ್ಣ ತೂತುಗಳಲ್ಲಿ ಸಿಕ್ಕಿಕೊಳ್ಳುತ್ತದೆಂದು ನಂದಿತಾ ಎಲ್ಲವನ್ನೂ ಮತ್ತೆ ತೊಳೆಸಿದಳು. ಗೋಲಿಗಿಂತ ಚಿಕ್ಕದಾದ ಒಂದು ಉಕ್ಕಿನ ಗುಂಡು ಮಂಚದಿಂದ ಉರುಳಿ ಬಚ್ಚಲ ಮೋರಿ ಸೇರಿತು. ಮುತ್ತುರಾಜ್ ಕೋಲಿಗೆ ಆಯಸ್ಕಾಂತ ಕಟ್ಟಿ ಅರ್ಧ ದಿನ ಮೋರಿ ಕೆದಕಿ ಅದನ್ನು ಹೊರತೆಗೆದ. ಹೊಸ ಪ್ಲೇಟುಗಳನ್ನು ಕೂರಿಸುವ ಮೊದಲು ಒಂದು ರಾತ್ರಿ ಎಣ್ಣೆಯಲ್ಲಿ ನೆನೆಹಾಕಬೇಕಿತ್ತು, ಅದಕ್ಕೆ ಸಂಜೀವಪ್ಪ ಎತ್ತಿಕೊಂಡದ್ದು ದೋಸೆ ಹಿಟ್ಟಿನ ಪಾತ್ರೆಯನ್ನು. ನಿಮ್ಮ ಗೇರ್‌ಬಾಕ್ಸಿಗೆ ಚಟ್ನಿ ಬೇಕೋ ಸಾಂಬಾರು ಬೇಕೋ ಎಂದು ಮುನಿಲಕ್ಷ್ಮಮ್ಮ ಮೂರು ದಿನ ಕೇಳಿದಳು.

ಒಂದಕ್ಕೊಂದು ಒತ್ತಿಕೊಂಡು ಗೇರನ್ನು ಹಿಡಿಯುವ ಆ ಪ್ಲೇಟುಗಳನ್ನು ಕೊಟ್ಟದ್ದು ಶಿವಾಜಿನಗರದ ಶಂಶುನ್ನೀಸಾ. ಗಂಡ ತೀರಿಕೊಂಡ ಮೇಲೆ ಹತ್ತೊಂಬತ್ತು ವರ್ಷದಿಂದ ಗೇರ್‌ಬಾಕ್ಸ್ ಅಂಗಡಿಯನ್ನು ತಾನೇ ನಡೆಸುತ್ತಿದ್ದ, ಅರವತ್ತು ದಾಟಿದ ಹೆಂಗಸು. ಗಾಡಿಯ ಹೆಸರು ಕೇಳಿ ಕಣ್ಣುಮುಚ್ಚಿಕೊಂಡೇ ಬೇಕಾದ ಪೆಟ್ಟಿಗೆಗೆ ಕೈಹಾಕಿದಳು. ಬಿಡಿಭಾಗ ಹಿಡಿದು ಕೂರಿಸಲು ಗ್ರೀಸ್ ಬೇಡ, ವ್ಯಾಸ್ಲೀನ್ ಹಚ್ಚಿ, ಗ್ರೀಸ್ ಕರಗುವುದಿಲ್ಲ ಎಂದಳು. ಮೂರನೇ ಗೇರಿನ ಪ್ಲೇಟುಗಳ ಗುಂಪನ್ನು ಮೇಲಿನಿಂದ ಮುಚ್ಚುವ ಉಕ್ಕಿನ ತಟ್ಟೆಯನ್ನು ಮೂರು ದಪ್ಪದಲ್ಲಿ ಕೊಟ್ಟಳು. "ಮೂರೂ ಇಟ್ಟು ನೋಡಿ. ಯಾವುದ್ರಲ್ಲಿ ಪಾಯಿಂಟ್ ಎಂಟು ಸಂದು ಬರುತ್ತೋ ಅದು ಹಾಕಿ. ಬಾಕಿ ಎರಡು ನಂಗೆ ವಾಪಸ್ ತನ್ನಿ, ಸಾಬ್."

ಇಪ್ಪತ್ತೇಳರಂದು ನಂದಿತಾ ಅಳತೆಯ ತೆಳು ಪಟ್ಟಿಗಳನ್ನು ಸಂದಿಗೆ ತೂರಿಸುತ್ತ ಹೋದಳು. ನಡುದಪ್ಪದ ತಟ್ಟೆಗೆ ಸರಿಯಾಗಿ ಸೊನ್ನೆ ಪಾಯಿಂಟ್ ಎಂಟು ಮಿಲಿಮೀಟರ್ ಬಂತು. ಬರೆದುಕೊಂಡಳು. ಸಂಜೀವಪ್ಪ ತಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿದ. ಅದು ಟಕ್ಕೆಂದು ಕೆಳಗಿಳಿದು ಮೇಲೆ ಬಂತು. ಮತ್ತೆ ಒತ್ತಿದ.

"ಇಷ್ಟೊಂದು ಆಡ್ತಾ ಇದ್ಯಲ್ಲೇ."

"ಆಡ್ಬೇಕು ಅಪ್ಪಾ. ಆಂಟಿ ಹೇಳಿದ್ದು ಅದನ್ನೇ."

"ಎಂಟು ಅಂದ್ರೆ ಎಷ್ಟು ಗೊತ್ತಾ? ನಮ್ ಸೆಕ್ಷನ್ನಲ್ಲಿ ಹೀಗ್ ಕೂರ್ಸಿದ್ರೆ ಇನ್ಸ್ಪೆಕ್ಷನ್ನೋರು ಮುಖಕ್ಕೆ ಎಸೀತಿದ್ರು."

ನಂದಿತಾ ನಕ್ಕು ನೋಟ್‌ಬುಕ್ ಮುಚ್ಚಿದಳು.

ಮರುದಿನ ಮೂವರೂ ಸೀಮಂತಕ್ಕೆ ಹೋದರು. ಮನೆಯಲ್ಲಿ ಒಬ್ಬನೇ ಉಳಿದ ಸಂಜೀವಪ್ಪ ತಣ್ಣಗಿನ ಚಿತ್ರಾನ್ನ ತಿಂದು ಶೆಡ್ಡಿಗೆ ಹೋದ. ತಟ್ಟೆಯನ್ನು ಒತ್ತಿದ. ಟಕ್. ಇಡೀ ಜೀವಮಾನ ಅವನು ಸಂಬಳ ತೆಗೆದುಕೊಂಡದ್ದೇ ಆ ಸದ್ದು ಬಾರದ ಹಾಗೆ ನೋಡಿಕೊಳ್ಳುವುದಕ್ಕೆ. ಎರಡು ಲೋಹಗಳ ನಡುವೆ ಆಟ ಉಳಿದರೆ ಯಂತ್ರ ನಡುಗುತ್ತದೆ, ನಡುಗಿದ ಯಂತ್ರ ಸುಳ್ಳು ಕೆಲಸ ಕೊಡುತ್ತದೆ ಎಂದು ಅವನು ನೂರಾರು ಅಪ್ರೆಂಟಿಸುಗಳಿಗೆ ಹೇಳಿಕೊಟ್ಟಿದ್ದ. ಹೆಂಡತಿ ಕೂತು ಓಡಿಸುವ ಗಾಡಿ, ಜಾರುತ್ತದೆಂದೇ ಬಿಚ್ಚಿದ್ದು. ಸಡಿಲ ಬಿಟ್ಟು ಮುಚ್ಚಿದರೆ ಮತ್ತೆ ಜಾರದೇ ಇರುತ್ತದೆಯೇ? ಅವನು ನಡುದಪ್ಪದ ತಟ್ಟೆಯನ್ನು ತೆಗೆದು ಅತಿದಪ್ಪದ್ದನ್ನು ಇಟ್ಟ. ತಟ್ಟೆಯನ್ನು ಹಿಡಿದಿಡುವ ಉಂಗುರವನ್ನು ಕೂರಿಸಲು ಸ್ಕ್ರೂಡ್ರೈವರಿನಿಂದ ಬಲವಾಗಿ ಮೀಟಬೇಕಾಯಿತು. ಹೆಬ್ಬೆರಳಿನಿಂದ ಒತ್ತಿದರೆ ಈಗ ಸದ್ದಿಲ್ಲ. ತೆಗೆದ ತಟ್ಟೆಯನ್ನು, ಹಿಂದಿರುಗಿಸಬೇಕಾದ ಪೊಟ್ಟಣದಲ್ಲಿ ಕಟ್ಟಿಟ್ಟ. ಸಂಜೆ ಬಂದವರಿಗೆ ಹೇಳಲಿಲ್ಲ. ಗಾಡಿ ಚೆನ್ನಾಗಿ ಓಡಿದ ಮೇಲೆ ನಗುತ್ತಾ ಹೇಳಿದರಾಯಿತು ಎಂದುಕೊಂಡ.

ಆಯುಧಪೂಜೆಯ ದಿನ ಮುನಿಲಕ್ಷ್ಮಮ್ಮ ತಲೆಗೆ ಸ್ನಾನ ಮಾಡಿ ಹೊಲಿಗೆ ಮೆಷೀನಿಗೆ, ಮಿಕ್ಸಿಗೆ, ಸ್ಪ್ಯಾನರುಗಳಿಗೆ, ಜಾಕಿಗೆ ಅರಿಶಿನ ಕುಂಕುಮ ಇಟ್ಟು ಸೇವಂತಿಗೆ ಏರಿಸುತ್ತ ಶೆಡ್ಡಿಗೆ ಬಂದಳು. ಮಂಚದ ಮೇಲೆ ವಾಲ್ವ್ ಬಾಡಿ ಬಾಯಿ ತೆರೆದುಕೊಂಡಿತ್ತು. ಗೆದ್ದಲು ತಿಂದ ಹಲಗೆಯಲ್ಲಿರುವಂಥ ಸುತ್ತುಬಳಸಿನ ಕಾಲುವೆಗಳ ಅಲ್ಯೂಮಿನಿಯಂ ತುಂಡು. ಯಾವ ಗೇರಿಗೆ ಯಾವಾಗ ಎಣ್ಣೆ ಹರಿಯಬೇಕೆಂದು ತೀರ್ಮಾನವಾಗುವುದು ಅದರಲ್ಲೇ. ಅವಳು ಅದಕ್ಕೂ ಮೂರು ಬೆರಳು ಕುಂಕುಮ ಎಳೆದಳು. ನಂದಿತಾ ಓಡಿ ಬಂದು ಅದನ್ನೆತ್ತಿಕೊಂಡು ಹೋಗಿ ಸೀಮೆಎಣ್ಣೆಯಲ್ಲಿ ತೊಳೆದಳು, ಪಂಪಿನಿಂದ ಗಾಳಿ ಊದಿದಳು.

"ಅಮ್ಮಾ, ಒಂದ್ ಕಾಳು ಒಳಗುಳಿದ್ರೂ ಗೇರ್ ಸಿಕ್ಕಾಕೊಳ್ಳುತ್ತೆ."

"ಜಾಕಿಗೂ ಇಟ್ಟು ಅದೊಂದಕ್ಕೆ ಇಡ್ದಿದ್ರೆ ಹೆಂಗೆ? ಗಾಡಿ ಓಡ್ಸೋದೇ ಅದು ಅಂತ ನೀನೇ ಹೇಳಿದ್ದು."

ಬೂದಗುಂಬಳ ಒಡೆದರು, ಒಬ್ಬಟ್ಟು ತಿಂದರು.

ಹನ್ನೆರಡರ ಭಾನುವಾರ ಗೇರ್‌ಬಾಕ್ಸ್ ಏರಿತು. ಮುತ್ತುರಾಜ್ ಮರುದಿನ ಬೆಳಗಿನ ಖಾಲಿ ರಸ್ತೆಯಲ್ಲಿ ಅಪ್ಪನನ್ನು ಕೂರಿಸಿಕೊಂಡು ಹಳೇ ಮದ್ರಾಸ್ ರಸ್ತೆಯವರೆಗೆ ಓಡಿಸಿಕೊಂಡು ಬಂದ. ಎರಡರಿಂದ ಮೂರಕ್ಕೆ ಬೀಳುವಾಗ ಗಾಡಿ ಎದೆ ಮುಂದೆ ಮಾಡಿ ನುಗ್ಗಿತು. "ಹೆಂಗೆ ಕಚ್ಚುತ್ತೆ ನೋಡು," ಎಂದ ಸಂಜೀವಪ್ಪ. ಮುತ್ತುರಾಜ್ ಅಪ್ಪನ ಬೆನ್ನು ತಟ್ಟಿದ. ತಟ್ಟೆಯ ಮಾತು ಹೇಳಲು ಸಂಜೀವಪ್ಪ ಬಾಯಿ ತೆರೆದನಾದರೂ, ಮುನಿಲಕ್ಷ್ಮಮ್ಮ ಒಂದು ವಾರ ಓಡಿಸಲಿ, ಆಮೇಲೆ ಹೇಳುತ್ತೇನೆ ಎಂದು ಸುಮ್ಮನಾದ.

ಬುಧವಾರ ಅವಳು ಇಪ್ಪತ್ತೆರಡು ಸೀರೆಗಳ ಗಂಟನ್ನು ಹಿಂದಿನ ಸೀಟಿನಲ್ಲಿಟ್ಟು ಹೊರಟಳು. ಹಬ್ಬದ ದಟ್ಟಣೆ. ಗಾಡಿಗಳು ಆಮೆಯ ಹಾಗೆ ತೆವಳುತ್ತಿದ್ದವು, ಮೂರನೇ ಗೇರಿಗೆ ಹೋಗುವ ಮಾತೇ ಇರಲಿಲ್ಲ. ಹಲಸೂರು ಮೆಟ್ರೊ ಹತ್ತಿರ ಸುಟ್ಟ ವಾಸನೆ ಬಂತು. ಮುಂದಿನ ಸಿಗ್ನಲಿನಲ್ಲಿ ಗಾಡಿ ಹಂದಾಡಲಿಲ್ಲ.

ಫೋನು ಬಂದು ಸಂಜೀವಪ್ಪ, ಮುತ್ತುರಾಜ್ ಆಟೋ ಹಿಡಿದು ಅಲ್ಲಿಗೆ ತಲುಪುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವಳು ಹಿಂದಿನ ಗಾಡಿಗಳ ಹಾರ್ನ್ ಕೇಳುತ್ತ, ಕಾಲು ಸರಿಯಿಲ್ಲದವರಿಗೆ ಗಾಡಿ ಯಾಕೆ ಎಂದು ಕಿಟಕಿಯಲ್ಲಿ ಇಣುಕಿ ಹೇಳಿಹೋದವರ ಮಾತು ಕೇಳುತ್ತ ಕುಳಿತಿದ್ದಳು. ಪೊಲೀಸಿನವನೊಬ್ಬ ನಾಲ್ಕು ಜನರನ್ನು ಕರೆದು ಗಾಡಿಯನ್ನು ಬದಿಗೆ ತಳ್ಳಿಸಿದ್ದ. ಸಂಜೀವಪ್ಪ ಬಾನೆಟ್ ಎತ್ತಿ ಎಣ್ಣೆಯ ಕಡ್ಡಿಯನ್ನು ಎಳೆದು ನೋಡಿದ. ಮೂರು ದಿನದ ಹಿಂದೆ ದಾಸವಾಳದ ಬಣ್ಣಕ್ಕಿದ್ದ ಎಣ್ಣೆ ಕಾಫಿಯ ಗಸಿಯ ಹಾಗೆ ಕಪ್ಪಾಗಿತ್ತು. ಮೂಗಿಗೆ ಹಿಡಿದ. ಕುಂಕುಮದ ಕಾಳು ಸಿಕ್ಕಿಕೊಂಡರೆ ಎಣ್ಣೆ ಹೀಗೆ ಸುಡುವುದಿಲ್ಲ. ಅವನ ಹೆಬ್ಬೆರಳಿಗೆ ಆ ದಪ್ಪ ತಟ್ಟೆಯ ನೆನಪಾಯಿತು.

ಗಾಡಿಯನ್ನು ಹಗ್ಗ ಕಟ್ಟಿ ಮನೆಗೆ ಎಳೆಸಿ ತಂದದ್ದಾಯಿತು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಾತು ತೆಗೆದವನು ಮುತ್ತುರಾಜ್.

"ಕುಂಕುಮಾನೇ. ಬೇರೇನೂ ಆಗಿರೋಕೆ ಸಾಧ್ಯ ಇಲ್ಲ. ಅಷ್ಟು ನೀಟಾಗಿ ಕಟ್ಟಿದ್ವಿ."

"ನಾನು ತೊಳ್ದಿದ್ದೆ ಕಣೋ," ಎಂದಳು ನಂದಿತಾ. ಆ ದಿನ ಅವಳು ಪರೀಕ್ಷಾಲಯಕ್ಕೆ ಅರ್ಧ ದಿನ ರಜೆ ಹಾಕಿ ಬಂದಿದ್ದಳು.

"ಸೂಜಿ ಹೋಗ್ದಿರೋ ತೂತುಗಳವೆ ಅದ್ರಲ್ಲಿ. ಎಲ್ಲಾ ತೊಳ್ದೆ ಅಂತ ಬರ್ದ್ ಕೊಡ್ತೀಯಾ?"

ನಂದಿತಾ ಬರೆದುಕೊಡಲಾರಳು. ಖಚಿತವಿಲ್ಲದ್ದನ್ನು ಖಚಿತ ಎನ್ನುವ ಅಭ್ಯಾಸ ಅವಳಿಗಿರಲಿಲ್ಲ. ಮುನಿಲಕ್ಷ್ಮಮ್ಮ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಗಂಡನನ್ನು ನೋಡಿದಳು.

"ನನ್ನಿಂದ್ಲೇ ಆಯ್ತಾ? ನೀವ್ ಹೇಳಿ. ನೀವು ತಿಳ್ದೋರು."

ಸಂಜೀವಪ್ಪ ಮುದ್ದೆಯನ್ನು ಮುರಿದ. ಅದನ್ನು ಸಾರಿನಲ್ಲಿ ಹೊರಳಿಸಿದ.

"ಆಗಿರ್ಬೌದು," ಎಂದ.

ಅವಳು ಎಲ್ಲರಿಗೂ ಮಜ್ಜಿಗೆ ಬಡಿಸಿದಳು. ಕೈ ತೊಳೆಯುವಲ್ಲಿ ನಂದಿತಾ ಅಪ್ಪನನ್ನು ತಡೆದು, ಮೂರನೇ ಗೇರಿಗೆ ಹಾಕಿದ್ದು ಶನಿವಾರ ಅಳೆದ ತಟ್ಟೆಯೇ ಅಲ್ಲವೇ ಎಂದು ಕೇಳಿದಳು. ಅವನು ಹೂಂ ಎಂದ. ಒಂದು ಅಕ್ಷರಕ್ಕಿಂತ ಹೆಚ್ಚು ಮಾತಾಡಬೇಕಾಗಿ ಬರಲಿಲ್ಲವಲ್ಲ ಎಂದು ಆ ಕ್ಷಣಕ್ಕೆ ಹಗುರವೂ ಆಯಿತು.

ಅಲ್ಲಿಂದ ಮುಂದಿನ ವಾರಗಳನ್ನು ಅವನು ಮನೆಯಲ್ಲೇ ಇದ್ದು ಕಂಡ. ಮುನಿಲಕ್ಷ್ಮಮ್ಮ ಎರಡು ಸಲ ಆಟೋದಲ್ಲಿ ಹಲಸೂರಿಗೆ ಹೋದಳು. ಆಟೋ ಪೇಟೆಯ ಓಣಿಯೊಳಗೆ ಹೋಗುವುದಿಲ್ಲ. ಒಂದು ಕೈ ಮಂಡಿಯ ಮೇಲಿದ್ದರೆ ಇನ್ನೊಂದೇ ಕೈಯಲ್ಲಿ ಗಂಟು ಹೊರಬೇಕು. ಎರಡನೆಯ ಸಲ ಅಂಗಡಿಯ ಮೆಟ್ಟಿಲಲ್ಲಿ ಗಂಟು ಜಾರಿ ಒಂದು ರೇಷ್ಮೆ ಸೀರೆ ಕೆಸರಿಗೆ ಬಿತ್ತು. ಅಂಗಡಿಯವರು ಬೈಯಲಿಲ್ಲ. ಹಬ್ಬ ಕಳೆಯಲಿ ಅಮ್ಮಾ, ನೀವು ಸುಧಾರಿಸಿಕೊಳ್ಳಿ ಎಂದರು. ಆ ವಾರದ ಸೀರೆಗಳು ಸರ್ವಜ್ಞನಗರದ ಇನ್ನೊಬ್ಬಳಿಗೆ ಹೋದವು.

ದೀಪಾವಳಿಗೆ ಲಕ್ಷ್ಮೀಪೂಜೆಯ ಹೊತ್ತಿಗೆ ಅವಳು ಕುಂಕುಮದ ಬಟ್ಟಲನ್ನು ಮಗಳ ಕೈಗೆ ಕೊಟ್ಟಳು. ನೀನೇ ಇಡು, ನನ್ನ ಕೈ ಬೇಡ ಎಂದಳು. ನಂದಿತಾ ಹೊಲಿಗೆ ಮೆಷೀನಿಗೆ ಇಟ್ಟಳು, ಬೀರುವಿಗೆ ಇಟ್ಟಳು. ಸಂಜೀವಪ್ಪ ಪಟಾಕಿಯ ಹೊಗೆಯ ನೆಪ ಹೇಳಿ ಬೀದಿಗೆ ಹೋಗಿ ನಿಂತ.

ಹಬ್ಬದ ಮರುವಾರ ಎದುರು ಮನೆಯ ಗೋವಿಂದಮ್ಮ ಬಂದಳು. ಕುಚ್ಚು ಕಟ್ಟುವ ಎಂಟು ಹೆಂಗಸರಲ್ಲಿ ಹಿರಿಯಳು. ಸಂಜೀವಪ್ಪ ಜಗಲಿಯ ಮೇಲೆ ದಂಟಿನ ಸೊಪ್ಪು ಬಿಡಿಸುತ್ತ ಕುಳಿತಿದ್ದ. ಈ ತಿಂಗಳು ಕೆಲಸ ಉಂಟೋ ಇಲ್ಲವೋ ಹೇಳಿಬಿಡು, ಸರ್ವಜ್ಞನಗರದವಳು ಕರೆಯುತ್ತಿದ್ದಾಳೆ ಎಂದು ಅವಳು ಸಂಕೋಚದಿಂದ ಕೇಳಿದಳು. ಹೋಗು, ತಪ್ಪು ತಿಳಿಯುವುದಿಲ್ಲ ಎಂದಳು ಮುನಿಲಕ್ಷ್ಮಮ್ಮ.

"ಏಳು ವರ್ಷ ನಡೆದಿದ್ದನ್ನ ನನ್ ಕೈಯಾರೆ ಕೆಡಿಸ್ಕೊಂಡೆ, ಗೋವಿಂದಕ್ಕ. ಓದಿರೋ ಮಗಳು ಬೇಡ ಅಂದ್ಲು. ಕೇಳ್ಲಿಲ್ಲ."

"ದೇವ್ರ ಕುಂಕುಮದಿಂದ ಕೆಡುತ್ತಾ ಯಾವ್ದಾದ್ರೂ? ಯಾರ್ ಹೇಳಿದ್ದು ನಿಂಗೆ?"

"ನಮ್ಮನೆಯೋರೇ ಅಂದ್ರು."

ಸಂಜೀವಪ್ಪ ತಾನು ಎಲೆಗಳನ್ನು ಕಸದ ಕಡೆಗೂ ದಂಟನ್ನು ಮೊರಕ್ಕೂ ಹಾಕುತ್ತಿದ್ದುದನ್ನು ನೋಡಿ ನಿಲ್ಲಿಸಿದ. ಗೋವಿಂದಮ್ಮ ಹೋದ ಮೇಲೆ ಹೇಳಿಬಿಡಬೇಕೆಂದು ಎದ್ದು ಒಳಗೆ ಹೋದ. ಅವಳು ಅಕ್ಕಿ ಆರಿಸುತ್ತಿದ್ದಳು. ನೀರು ಬಂದಿದೆಯೇ ಎಂದು ಕೇಳಿ, ಮೋಟರ್ ಹಾಕಿ, ಹೊರಗೆ ಬಂದ.

ಗೇರ್‌ಬಾಕ್ಸನ್ನು ಮತ್ತೆ ಇಳಿಸುವ ಹಟ ಹಿಡಿದವಳು ನಂದಿತಾ. ಊಹೆಯ ಮೇಲೆ ಅಮ್ಮನನ್ನು ಕೂರಿಸಿಡುವುದು ನ್ಯಾಯವಲ್ಲ, ಬಿಚ್ಚಿ ನೋಡಬೇಕು ಎಂದಳು. ನವೆಂಬರ್ ಎಂಟರ ಶನಿವಾರ ಅಪ್ಪ, ಮಗ, ಮಗಳು ಮೂವರೂ ಶಂಶುನ್ನೀಸಾಳ ಅಂಗಡಿಯಲ್ಲಿ ಬೆಂಚಿನ ಸುತ್ತ ನಿಂತಿದ್ದರು. ದಾರದಲ್ಲಿ ಕಟ್ಟಿದ್ದ ಕನ್ನಡಕವನ್ನು ಮೂಗಿಗೇರಿಸಿ ಅವಳು ಮೊದಲು ವಾಲ್ವ್ ಬಾಡಿಯನ್ನು ಬಿಚ್ಚಿದಳು. ಒಂದೊಂದು ಕಾಲುವೆಗೂ ಟಾರ್ಚ್ ಬಿಟ್ಟಳು, ಒಂದೊಂದು ಕವಾಟವನ್ನೂ ಬೆರಳಿನಿಂದ ಜಾರಿಸಿ ನೋಡಿದಳು.

"ಎಲ್ಲಿದೆ ನಿಮ್ ಕುಂಕುಮ? ಕನ್ನಡಿ ಥರ ಇದೆ. ಹುಡುಗಿ ಚೆನ್ನಾಗಿ ತೊಳ್ದಿದಾಳೆ."

ಆಮೇಲೆ ಮೂರನೇ ಗೇರಿನ ಪ್ಲೇಟುಗಳನ್ನು ಹೊರತೆಗೆದು ಪತ್ರಿಕೆಯ ಮೇಲೆ ಒಂದೊಂದಾಗಿ ಇಟ್ಟಳು. ಕಾವಲಿಯ ಮೇಲೆ ಮರೆತ ರೊಟ್ಟಿಯ ಹಾಗೆ ಎಲ್ಲವೂ ಕರಿಯಾಗಿದ್ದವು. ಮೇಲ್ಮುಚ್ಚಳದ ತಟ್ಟೆಯನ್ನು ಅಳೆದಳು. ಮತ್ತೊಮ್ಮೆ ಅಳೆದು, ಕನ್ನಡಕ ಇಳಿಸಿದಳು.

"ಇದು ಮೂರರಲ್ಲಿ ಅತಿ ದಪ್ಪದ್ದು, ಸಾಬ್. ಸಂದೇ ಉಳಿಯಲ್ಲ. ಇದು ಯಾರ್ ಹಾಕಿದ್ದು?"

ನಂದಿತಾ ನೋಟ್‌ಬುಕ್ ತೆರೆದಳು. ಮುತ್ತುರಾಜ್ ತಂಗಿಯ ಮುಖ ನೋಡಿದ.

"ನಾನು," ಎಂದ ಸಂಜೀವಪ್ಪ.

ಶಂಶುನ್ನೀಸಾ ಗದರಲಿಲ್ಲ. ತನ್ನ ಬಳಿ ಬರುವ ಕಾರ್ಖಾನೆಯ ಹಳಬರೆಲ್ಲ ಮಾಡುವುದು ಇದನ್ನೇ ಎಂದಳು. ಕೆಲಸ ಇಲ್ಲದ ಹೊತ್ತಿನಲ್ಲಿ ಪ್ಲೇಟುಗಳು ಒಂದನ್ನೊಂದು ಬಿಟ್ಟು ನಿಲ್ಲಬೇಕು, ಅದಕ್ಕೇ ಆ ಸಂದು. ಜಾಗವೇ ಇಲ್ಲದಿದ್ದರೆ ಒಂದನೇ ಗೇರಿನಲ್ಲೂ ಎರಡನೇ ಗೇರಿನಲ್ಲೂ ಇವು ಉಜ್ಜುತ್ತಲೇ ಇರುತ್ತವೆ. ಖಾಲಿ ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಹಲಸೂರಿನ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಸಾಕು.

ಬಸ್ಸಿನಲ್ಲಿ ಹಿಂದಿರುಗುವಾಗ ಮುತ್ತುರಾಜ್ ಬಾಗಿಲ ಹತ್ತಿರವೇ ನಿಂತ. ಅಮ್ಮನ ಮೇಲೆ ಮೊದಲು ಮಾತು ಹೊರಿಸಿದವನು ತಾನೆಂಬುದು ಅವನ ಬಾಯಿ ಕಟ್ಟಿತ್ತು. ನಂದಿತಾ ಅಪ್ಪನ ಪಕ್ಕದಲ್ಲೇ ಕುಳಿತಿದ್ದಳು. ಹಳೇ ಮದ್ರಾಸ್ ರಸ್ತೆಗೆ ತಿರುಗಿದಾಗ ಒಂದೇ ಮಾತು ಆಡಿದಳು.

"ತಟ್ಟೆ ಬದಲಾಯ್ಸಿದ್ದು ತಪ್ಪು ಅಂತ ನಾನು ಅನ್ನಲ್ಲ ಅಪ್ಪಾ, ಯಾರಾದ್ರೂ ಮಾಡ್ತಾರೆ. ನಾನು ಕೇಳ್ದಾಗ ಹೂಂ ಅಂದ್ರಲ್ಲ. ಅಮ್ಮಂಗೆ ನೀವೇ ಹೇಳ್ಬೇಕು."

ಮುನಿಲಕ್ಷ್ಮಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ಸಂಜೀವಪ್ಪ ಬಾಗಿಲಲ್ಲಿ ನಿಂತೇ ಎಲ್ಲವನ್ನೂ ಹೇಳಿದ. ಕುಂಕುಮದ ಕಾಳೂ ಇರಲಿಲ್ಲ, ತಟ್ಟೆ ಬದಲಾಯಿಸಿದ್ದು ನಾನು, ಸೀಮಂತದ ದಿನ. ಅವಳು ಕೊನೆಯವರೆಗೂ ಕೇಳಿದಳು. ಈಳಿಗೆಮಣೆಯಿಂದ ಕಾಲು ತೆಗೆಯಲಿಲ್ಲ.

"ಯಾವತ್ತು ಗೊತ್ತಾಯ್ತು ನಿಮ್ಗೆ?"

"ಇವತ್ತೇ ಖಚಿತ ಆಗಿದ್ದು."

"ಅನುಮಾನ?"

ಅವನಿಗೆ ಸುಳ್ಳು ಹೇಳಲು ಇನ್ನೊಂದು ಅವಕಾಶವಿತ್ತು. ಅದನ್ನು ಬಿಟ್ಟುಕೊಟ್ಟ.

"ಗಾಡಿ ನಿಂತ ದಿನಾನೇ. ಎಣ್ಣೆ ಮೂಸಿದಾಗ."

"ಊಟಕ್ಕೆ ಮುಂಚೆ."

"ಹೂಂ."

ಅವಳು ಉಳಿದ ಹುರುಳಿಕಾಯಿಯನ್ನು ಹೆಚ್ಚಿ ಮುಗಿಸಿದಳು. ತೊಟ್ಟುಗಳನ್ನು ಒಟ್ಟುಮಾಡಿ ಎತ್ತಿಟ್ಟಳು. ಗೋಡೆ ಹಿಡಿದು, ಮಂಡಿ ಒತ್ತಿಕೊಂಡು ಎದ್ದಳು. ಅವನು ಕೈ ಚಾಚಿದ. ಅವಳು ಗೋಡೆಯನ್ನೇ ಹಿಡಿದುಕೊಂಡಳು.

"ಗಾಡಿ ಕೆಟ್ಟಿದ್ದಕ್ಕೆ ನಂಗೇನೂ ಇಲ್ಲ, ರೀ. ನನ್ ಗಾಡಿ ಅಂತ ಬಿಗಿಯಾಗಿರ್ಲಿ ಅಂತಾನೇ ಮಾಡಿದ್ರಿ. ನಾನು ಕೇಳಿದ್ನಲ್ಲ, ಎಲ್ಲಾರ್ ಮುಂದೆ, ನನ್ನಿಂದ್ಲಾ ಅಂತ. ಇನ್ಮೇಲೆ ಇದು ಎಲ್ಲಾದ್ರೂ ನಿಂತ್ರೆ, ಯಾಕ್ ನಿಂತ್ತು ಅಂತ ನೀವು ಹೇಳೋದನ್ನ ನಾನು ಹೆಂಗೆ ನಂಬ್ಲಿ?"

ಆ ರಾತ್ರಿಯೂ, ಮುಂದೆಯೂ ಅವಳು ಹೊತ್ತು ಹೊತ್ತಿಗೆ ಬಡಿಸಿದಳು, ಬಟ್ಟೆ ಒಗೆದು ಒಣಹಾಕಿದಳು, ಮಗನ ತಪ್ಪೊಪ್ಪಿಗೆಗೆ ಅವನ ತಲೆ ಸವರಿದಳು. ಗಂಡನನ್ನು ಏನನ್ನೂ ಕೇಳುವುದನ್ನು ಮಾತ್ರ ಬಿಟ್ಟಳು. ಗ್ಯಾಸ್ ಬುಕ್ ಆಗಿದೆಯೇ, ನಾಳೆ ಯಾವ ವಾರ, ಈ ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೆಯೋ, ಎಲ್ಲವನ್ನೂ ಈಗ ನಂದಿತಾಳನ್ನು ಕೇಳುತ್ತಿದ್ದಳು.

ಶಂಶುನ್ನೀ‌ಸಾ ಹೊಸ ಪ್ಲೇಟು ಹಾಕಿ, ನಡುದಪ್ಪದ ತಟ್ಟೆ ಇಟ್ಟು ಗೇರ್‌ಬಾಕ್ಸನ್ನು ಮತ್ತೆ ಕಟ್ಟಿದಳು. ನವೆಂಬರ್ ಮೂವತ್ತಕ್ಕೆ ಅದು ಮೇಲೇರಿ ಗಾಡಿ ಸಿದ್ಧವಾಯಿತು. ಮುತ್ತುರಾಜ್ ಎರಡು ದಿನ, ಬೇಕೆಂದೇ ದಟ್ಟಣೆಯ ಹೊತ್ತಿನಲ್ಲಿ, ಗಾಡಿಯನ್ನು ಕೆ.ಆರ್. ಪುರದ ಸೇತುವೆಯವರೆಗೂ ಓಡಿಸಿದ. ಎಣ್ಣೆ ಕೆಂಪಗೇ ಇತ್ತು.

ಡಿಸೆಂಬರ್ ಮೂರು, ಬುಧವಾರ. ಬೆಳಗ್ಗೆ ಹತ್ತಕ್ಕೆ ಸಂಜೀವಪ್ಪ ಬೀಗದ ಕೈಯನ್ನು ಹೆಂಡತಿಯ ಮುಂದಿಟ್ಟ. ಒಂದು ಸಲ ಓಡಿಸಿ ನೋಡು, ನೀನು ಹೇಳಿದರೆ ಮಾತ್ರ ಸರಿ ಎಂದುಕೊಳ್ಳುತ್ತೇನೆ ಎಂದ. ಅವಳು ಸೆರಗು ಸಿಕ್ಕಿಸಿಕೊಂಡು ಬಂದು ಕುಳಿತಳು. ಅವನು ಪಕ್ಕದ ಸೀಟಿನಲ್ಲಿ ಕುಳಿತ. ಏಳು ವರ್ಷದಲ್ಲಿ ಅವಳು ಓಡಿಸುವಾಗ ಅವನು ಆ ಸೀಟಿನಲ್ಲಿ ಕುಳಿತದ್ದು ಅದೇ ಮೊದಲು.

ಅವಳು ಕಗ್ಗದಾಸಪುರದ ಕಡೆಯಿಂದ ಸುತ್ತಿ ಹಳೇ ಮದ್ರಾಸ್ ರಸ್ತೆ ಸೇರಿದಳು. ಕನ್ನಡಿಗಳನ್ನು ನೋಡುತ್ತ, ಬಸ್ಸುಗಳಿಗೆ ದಾರಿ ಬಿಡುತ್ತ, ಅವಸರವಿಲ್ಲದ ಒಳ್ಳೆಯ ಕೈ. ಇಷ್ಟು ಚೆನ್ನಾಗಿ ಓಡಿಸುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ. ಹಲಸೂರಿನಲ್ಲಿ ದಟ್ಟಣೆ ಹಾಗೇ ಇತ್ತು. ಮೆಟ್ರೊ ದಾಟಿ, ಸೀರೆ ಅಂಗಡಿಗಳ ಓಣಿಯ ಬಾಯಿಗೆ ಬಂದಾಗ ಅವನು ಅವಳ ಕಡೆ ತಿರುಗಿದ. ಒಳಗೆ ಹೋಗೋಣವೇ, ಅಂಗಡಿಯವರೊಡನೆ ನಾನು ಮಾತಾಡುತ್ತೇನೆ, ತಪ್ಪು ನನ್ನದೆಂದು ಹೇಳುತ್ತೇನೆ ಎಂದ. ಅವಳು ಇಂಡಿಕೇಟರ್ ಹಾಕಲಿಲ್ಲ. ಮುಂದಿನ ತಿರುವಿನಲ್ಲಿ ಗಾಡಿಯನ್ನು ಹಿಂದಕ್ಕೆ ಹೊರಳಿಸಿ ಮನೆಯ ದಾರಿ ಹಿಡಿದಳು.

ಶೆಡ್ಡಿನಲ್ಲಿ ಗಾಡಿಯನ್ನು ರಿವರ್ಸಿನಲ್ಲಿ ತಂದು ನೇರವಾಗಿ ನಿಲ್ಲಿಸಿ, ಎಂಜಿನ್ ಆರಿಸಿ, ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟಳು.

"ಮಾರ್ಬಿಡಿ," ಎಂದಳು. "ನಾಲ್ಕು ಗೇರೂ ಸರಿಯಾಗಿ ಬೀಳ್ತವೆ. ರಿವರ್ಸೂ ಸರಿ. ವಾಸನೆ ಇಲ್ಲ. ಗಾಡೀಲಿ ಏನೂ ತಪ್ಪಿಲ್ಲ."